ನಾಲ್ಕು ವರ್ಷ, ಎರಡು ಹೆರಿಗೆ, ಒಬ್ಬರೇ ಡಾಕ್ಟರ್

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಾಯಬೇಕು. ಹತ್ತು ಗಂಟೆಗೆ ಬನ್ನಿ ಅಂದರೆ ಒಳಗೆ ಕರೆಯುವುದು ಹನ್ನೆರಡೂವರೆಗೆ. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮ್ ಇದು, ಇರುವುದೇ ಹತ್ತು ಕುರ್ಚಿ. ಏಳು ತಿಂಗಳ ಬಸುರಿಯಾಗಿದ್ದಾಗ ಗೋಡೆಗೆ ಒರಗಿ ನಿಂತಿದ್ದೇನೆ, ಎದುರಿಗೇ ಯಾರದ್ದೋ ಗಂಡ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು. ತುಂಬಾ ಸಿಟ್ಟು ಬಂದಿತ್ತು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಒಂಬತ್ತಕ್ಕೇ ಹೋಗಿ ಫೈಲ್ ಇಡುವುದು, ಪಕ್ಕದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಬರುವುದು, ಚಪ್ಪಲಿ ಬಿಟ್ಟು ತೂಕದ ಮಷಿನ್ ಹತ್ತುವುದು. ಸಿಸ್ಟರ್ ತೂಕ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾರೆ, ಅದು ಇವತ್ತಿಗೂ ಇಷ್ಟವಿಲ್ಲ. ಬಿಪಿ ನೋಡಿ ತಾಯಿ ಕಾರ್ಡಿನಲ್ಲಿ ಬರೆದರೆ ಆಯಿತು, ಮತ್ತೆ ಕಾಯುವುದು.

ಹಾಗಾದರೆ ಯಾಕೆ ಬಿಡಲಿಲ್ಲ? ಮೊದಲ ಸಲ ಬಸುರಿಯಾದಾಗ ಮೂರು ತಿಂಗಳು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಎಸಿ, ಮೆತ್ತನೆ ಸೋಫಾ, ಹೇಳಿದ ಟೈಮಿಗೆ ಸರಿಯಾಗಿ ಕರೆಯುತ್ತಿದ್ದರು. ಒಳಗೆ ನಾಲ್ಕೇ ನಿಮಿಷ. ನನ್ನದು ಓ ನೆಗೆಟಿವ್ ರಕ್ತ. ರಿಪೋರ್ಟಿನ ಮೊದಲ ಪುಟದಲ್ಲೇ ಇತ್ತು, ಯಾರೂ ಒಂದು ಮಾತು ಹೇಳಲಿಲ್ಲ. ಆಮೇಲೆ ಇಲ್ಲಿಗೆ ಬಂದೆ. ಇಲ್ಲಿನ ಡಾಕ್ಟರ್ ಮೊದಲ ದಿನವೇ ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನಮ್ಮ ಯಜಮಾನರ ಗ್ರೂಪ್ ಕೇಳಿದರು. ಪಾಸಿಟಿವ್. ಚೀಟಿ ಹಿಂದೆ ಎರಡು ಸೊನ್ನೆ ಬರೆದರು, ಒಂದು ತಾಯಿ, ಒಂದು ಮಗು. ಪಾಸಿಟಿವ್ ಮಗುವಿನ ರಕ್ತ ಸ್ವಲ್ಪ ನಿಮ್ಮ ಮೈಗೆ ಸೇರಿದರೂ ಮೈ ಅದರ ವಿರುದ್ಧ ತಯಾರಾಗಿಬಿಡಬಹುದು, ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಪೆಟ್ಟು ಬೀಳುವುದು ಮುಂದಿನ ಮಗುವಿಗೆ ಅಂದರು. ಹಾಗಾಗದಂತೆ ತಡೆಯಲು 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್, ಹುಟ್ಟಿದ ಮಗು ಪಾಸಿಟಿವ್ ಇದ್ದರೆ 72 ಗಂಟೆಯೊಳಗೆ ಇನ್ನೊಂದು. ಜೊತೆಗೆ ಬಂದಿದ್ದ ಅತ್ತೆಗೂ ಅರ್ಥವಾಯಿತು. ಇಂಜೆಕ್ಷನ್ ದುಬಾರಿಯೇ. ಆದರೆ ತಿಂಗಳುಗಟ್ಟಲೆ ಮುಂಚೆ ಗೊತ್ತಿದ್ದರಿಂದ ದುಡ್ಡು ಎತ್ತಿಟ್ಟಿದ್ದೆವು. ಮನೆ ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ವಿಷಯ ಅಲ್ಲ.

ದೊಡ್ಡವಳು ಪಾಸಿಟಿವ್. ಚಿಕ್ಕವಳೂ ಪಾಸಿಟಿವ್. ಚಿಕ್ಕವಳಿಗೆ ಈಗ ಎಂಟು ತಿಂಗಳು, ಗುಂಡು ಗುಂಡಾಗಿದ್ದಾಳೆ.

ಅವಳು ಹುಟ್ಟಿದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಜನ ಕಿಕ್ಕಿರಿದಿರುವ ಹೊತ್ತು. ಡಾಕ್ಟರ್ ಎಲ್ಲ ಬಿಟ್ಟು ಬಂದು ಒಂದೂವರೆ ಗಂಟೆ ನನ್ನ ಪಕ್ಕದಲ್ಲೇ ಇದ್ದರು. ಹೊಟ್ಟೆ ಮುಟ್ಟುವ ಮುಂಚೆ ಪ್ರತಿ ಸಲ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ, ಆ ಗಡಿಬಿಡಿಯಲ್ಲೂ ಅದನ್ನು ಮರೆಯಲಿಲ್ಲ. ಹೊರಗೆ ಅಷ್ಟು ಹೊತ್ತೂ ಜನ ಕಾಯುತ್ತಿದ್ದರು ಅಂತ ಅಮ್ಮ ಆಮೇಲೆ ಹೇಳಿದರು. ಅವತ್ತಿನಿಂದ ಡಾಕ್ಟರ್ ಮೇಲಿನ ಸಿಟ್ಟು ಹೋಯಿತು.

ರಿಸೆಪ್ಷನ್ ಮೇಲಿನದು ಹೋಗಿಲ್ಲ. 'ಮೇಡಂ ಲೇಬರ್ ರೂಮಿನಲ್ಲಿದ್ದಾರೆ, ಒಂದು ಗಂಟೆ ತಡ' ಅಂತ ಎಲ್ಲರಿಗೂ ಒಂದು ವಾಟ್ಸಾಪ್ ಮೆಸೇಜ್ ಹಾಕಿದರೆ ಸಾಕು, ಅಲ್ವಾ? ಎರಡು ಸಲ ಕೇಳಿದ್ದೇನೆ. ಮುಂದಿನ ವಾರ ಕಾಪರ್-ಟಿ ಚೆಕಪ್‌ಗೆ ಹೋದಾಗ ಮತ್ತೆ ಕೇಳುತ್ತೇನೆ, ಕುರ್ಚಿ ವಿಷಯವನ್ನೂ ಸೇರಿಸಿ.