ವೈನ್ ಮಾಡಲು ಕ್ಯಾನ್‌ನಲ್ಲಿ ಬರುವ ದ್ರಾಕ್ಷಿ ರಸ ಕೊಳ್ಳಬೇಡಿ

ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ತೋಟದಲ್ಲೇ ಹಿಂಡಿದ ಬೆಂಗಳೂರು ಬ್ಲೂ ರಸ, ಈಸ್ಟ್ ಹಾಕಿದ್ರೆ ಸಾಕು" ಅಂತ ಯಾರಾದರೂ ಕ್ಯಾನ್ ತಂದರೆ ತೆಗೆದುಕೊಳ್ಳಬೇಡಿ. ನಮಗೆ ಹತ್ತು ಲೀಟರ್ ಕೊಟ್ಟು 2,600 ರೂಪಾಯಿ ತೆಗೆದುಕೊಂಡು ಹೋದ. ದುಡ್ಡಿಗಿಂತ ಆಮೇಲೆ ಅವನು ಆಡಿದ ಮಾತಿಗೆ ನನಗೆ ಹೊಟ್ಟೆ ಉರಿಯುತ್ತಿದೆ.

ನಮ್ಮಮ್ಮ ನನ್ನ ಮದುವೆಗೂ ಮುಂಚಿನಿಂದ ವೈನ್ ಮಾಡುತ್ತಾ ಬಂದವರು. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಈಸ್ಟ್. ಪಿಂಗಾಣಿ ಜಾಡಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಲ್ಲಿ ಕಲಕಿ, 21 ದಿನಕ್ಕೆ ಸೋಸುವುದು. ನಿಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಈ ಸಲ ಅಮ್ಮನ ಬೆರಳುಗಳ ಗಂಟು ಊದಿಕೊಂಡಿದ್ದವು, ಹಣ್ಣು ಕಿವುಚಲು ಆಗುತ್ತಿರಲಿಲ್ಲ. ಪರಿಚಯದವರೊಬ್ಬರು ಈ ಮನುಷ್ಯನ ನಂಬರ್ ಕೊಟ್ಟರು.

ನಾನು ಕೇಳಿಯೇ ತೆಗೆದುಕೊಂಡಿದ್ದು. "ನೀರು, ಕೆಮಿಕಲ್ ಏನಾದ್ರೂ ಸೇರಿಸಿದ್ದೀರಾ? ನಮಗೆ ಬೇಕಾಗಿರೋದು ವೈನ್‌ಗೆ" ಅಂತ ಸ್ಪಷ್ಟವಾಗಿ ಕೇಳಿದೆ. "ಅಯ್ಯೋ ಮೇಡಂ, ದೊಡ್ಡಬಳ್ಳಾಪುರದಲ್ಲಿ ನಮ್ಮದೇ ತೋಟ. ಬೆಳಗ್ಗೆ ಕೊಯ್ದು ಮಧ್ಯಾಹ್ನ ಹಿಂಡಿದ್ದು. ಒಂದು ಹನಿ ನೀರೂ ಇಲ್ಲ" ಅಂದ. ಕ್ಯಾನ್ ಮೇಲೆ ಹಸಿರು ಸ್ಟಿಕ್ಕರ್, ಅದರಲ್ಲಿ ದ್ರಾಕ್ಷಿ ಗೊಂಚಲಿನ ಚಿತ್ರ, 'ತಾಜಾ ರಸ' ಅಂತ ಬರಹ. ಬಿಲ್ ಕೇಳಿದರೆ "ವಾಟ್ಸ್‌ಆ್ಯಪ್‌ನಲ್ಲಿ ಹಾಕ್ತೀನಿ ಮೇಡಂ" ಅಂದ. ಇವತ್ತಿನವರೆಗೂ ಹಾಕಿಲ್ಲ.

ಈಸ್ಟ್ ಹಾಕಿದ ಮಾರನೇ ದಿನಕ್ಕೆ ಜಾಡಿಯಲ್ಲಿ ಸದ್ದು ಶುರುವಾಗಬೇಕು. ಮಾಡಿದವರಿಗೆ ಗೊತ್ತು, ಬಟ್ಟೆಗೆ ಕಿವಿ ಇಟ್ಟರೆ ಸಣ್ಣಗೆ ಸುಸ್ಸ್ ಅಂತ ಕೇಳುತ್ತದೆ. ಅಮ್ಮ ಬೆಳಗ್ಗೆ ಕಿವಿ ಇಟ್ಟರು. ಏನೂ ಇಲ್ಲ. ಸಂಜೆ ಇಟ್ಟರು. ಏನೂ ಇಲ್ಲ. ಬಟ್ಟೆ ಬಿಚ್ಚಿ ನೋಡಿದರೆ ಒಂದು ಗುಳ್ಳೆ ಇಲ್ಲ, ನೊರೆ ಇಲ್ಲ. ಗೋಧಿ ತಳದಲ್ಲಿ ಸುಮ್ನೆ ಬಿದ್ದಿದೆ.

ಅವನಿಗೆ ಹೇಳಿದೆ. ಬಂದ ಉತ್ತರ: "ಚಳಿ ಜಾಸ್ತಿ ಮೇಡಂ, ಕಂಬಳಿ ಸುತ್ತಿ." ಸುತ್ತಿದೆವು. ಮತ್ತೆ ಕೇಳಿದರೆ: "ನಿಮ್ಮ ಈಸ್ಟ್ ಬ್ರೆಡ್‌ಗೆ ಹಾಕೋದು, ಅದು ಆಗಲ್ಲ. ನಮ್ಮ ಹತ್ರ ವೈನ್ ಈಸ್ಟ್ ಇದೆ, 450 ಆಗುತ್ತೆ." ಬ್ರೆಡ್ ಈಸ್ಟ್‌ನಲ್ಲೇ ಅಮ್ಮ ಇಷ್ಟು ವರ್ಷ ಮಾಡಿದ್ದು! ಆದರೂ ಹಬ್ಬ ಹತ್ತಿರ ಬರುತ್ತಿದೆ, ಅತ್ತಿಗೆ ಮನೆಗೆ, ಪಕ್ಕದ ಮನೆಯವರಿಗೆ ಬಾಟಲಿ ಕೊಡುತ್ತೇವೆ ಅಂತ ಹೇಳಿಯಾಗಿದೆ. ಅದನ್ನೂ ತರಿಸಿ ಹಾಕಿದೆವು. ಆಗಲೂ ಏನೂ ಇಲ್ಲ. ಆಮೇಲೆ ಬಂದ ವಾಯ್ಸ್ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ: "ವಯಸ್ಸಾದವರು ಮಾಡ್ತಾರೆ ಅಂದ್ರಲ್ಲ ಮೇಡಂ, ಜಾಡಿ ಸರಿಯಾಗಿ ತೊಳೆದಿರಲ್ಲ."

ಸ್ಪೀಕರ್ ಆನ್ ಇತ್ತು. ಅಮ್ಮ ಪಕ್ಕದಲ್ಲೇ ಇದ್ದರು. ಏನೂ ಮಾತಾಡದೆ ಎದ್ದು ಹೋಗಿ ಸೋಪಿನ ಡಬ್ಬಿ ತೆಗೆದು ನೋಡಿದರು, "ಸೋಪಿನ ಅಂಶ ಉಳಿದಿತ್ತೇನೋ" ಅಂದರು. ಜಾಡಿಗೆ ಕುದಿನೀರು ಹಾಕಿ ಬಿಸಿಲಿಗಿಟ್ಟು ಒಣಗಿಸದೆ ಒಂದು ಚಮಚ ಏನನ್ನೂ ಹಾಕದ ಹೆಂಗಸು! ಅವರಿಗೇ ಅವರ ಕೈ ಮೇಲೆ ಅನುಮಾನ ಬರುವಂತೆ ಮಾಡಿದ ಆ ಮನುಷ್ಯ.

ಖಾಲಿ ಕ್ಯಾನ್ ತೊಳೆದಿಡೋಣ ಅಂತ ನೀರಲ್ಲಿ ನೆನೆಹಾಕಿದ್ದೆ. ಹಸಿರು ಸ್ಟಿಕ್ಕರ್ ನೆನೆದು ಮೂಲೆಯಲ್ಲಿ ಎದ್ದಿತ್ತು. ಎಳೆದರೆ ಕೆಳಗೆ ಇನ್ನೊಂದು ಸ್ಟಿಕ್ಕರ್! ಗ್ರೇಪ್ ಡ್ರಿಂಕ್ ಅಂತೆ. ಪದಾರ್ಥಗಳಲ್ಲಿ ಮೊದಲ ಹೆಸರೇ ನೀರು. ಆಮೇಲೆ ಸಕ್ಕರೆ. ದ್ರಾಕ್ಷಿ ಮೂರನೆಯದು. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬಣ್ಣ, ಎಸೆನ್ಸ್, ಮತ್ತೆ ಐಎನ್‌ಎಸ್ 211, ಐಎನ್‌ಎಸ್ 202.

211 ಅಂದರೆ ಸೋಡಿಯಂ ಬೆಂಜೋಯೇಟ್. 202 ಅಂದರೆ ಪೊಟ್ಯಾಸಿಯಂ ಸಾರ್ಬೇಟ್. ಎರಡೂ ಜ್ಯೂಸ್ ಕೆಡದಂತೆ ಹಾಕುವ ಪ್ರಿಸರ್ವೇಟಿವ್‌ಗಳು. ಈಸ್ಟ್, ಬೂಸ್ಟು ಬೆಳೆಯದಂತೆ ತಡೆಯುವುದೇ ಇವುಗಳ ಕೆಲಸ. ಹುಳಿ ಇರುವ ರಸದಲ್ಲಂತೂ ಚೆನ್ನಾಗಿ ತಡೆಯುತ್ತವೆ. ಅಂಥದ್ದಕ್ಕೆ ನಾವು ಈಸ್ಟ್ ಹಾಕಿ, ಕಂಬಳಿ ಸುತ್ತಿ, ಕಿವಿ ಇಟ್ಟುಕೊಂಡು ಕೂತಿದ್ದೆವು! ಅವನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಇನ್ನೊಂದು ಈಸ್ಟ್ ಮಾರಿದ.

ಅಮ್ಮನಿಗೆ ತೋರಿಸಲೇಬೇಕು ಅಂತ ರಸೆಲ್ ಮಾರ್ಕೆಟ್‌ನಿಂದ ಒಂದು ಕೆಜಿ ಬೆಂಗಳೂರು ಬ್ಲೂ ತಂದೆ. ನಾನೇ ಕಿವುಚಿ, ಸಕ್ಕರೆ ಹಾಕಿ, ಅದೇ ಹಳೆ ಬ್ರೆಡ್ ಈಸ್ಟ್ ಹಾಕಿ, ಅದೇ ಅಡುಗೆಮನೆಯಲ್ಲಿ ಕಂಬಳಿ ಇಲ್ಲದೆ ಇಟ್ಟೆ. ಬೆಳಗಾಗುವಷ್ಟರಲ್ಲಿ ಸಿಪ್ಪೆಯೆಲ್ಲ ಮೇಲಕ್ಕೆ ಬಂದು ದಪ್ಪ ಪದರ ಕಟ್ಟಿತ್ತು. ಸೌಟಿನಿಂದ ಒತ್ತಿದರೆ ನೇರಳೆ ನೊರೆ ಬುಸ್ ಅಂತ ಉಕ್ಕಿತು. ಅಮ್ಮ ಬಗ್ಗಿ ಕಿವಿ ಇಟ್ಟು ಕೇಳಿ, "ಹಾಂ, ಇದು" ಅಂದರು.

ಎರಡು ಸ್ಟಿಕ್ಕರ್‌ಗಳ ಫೋಟೊ ಕಳಿಸಿದೆ. "ಅದು ಹಳೇ ಕ್ಯಾನ್ ಮೇಡಂ, ಒಳಗಡೆ ನಮ್ಮದೇ ರಸ" ಅಂದ. ಹಾಗಿದ್ದರೆ ಹುದುಗಲಿಲ್ಲ ಯಾಕೆ ಅಂದೆ. "ನಾನು ಮಾರಿದ್ದು ಜ್ಯೂಸ್. ವೈನ್ ಆಗುತ್ತೆ ಅಂತ ಗ್ಯಾರಂಟಿ ಕೊಟ್ಟಿದ್ನಾ?" ಅಂದ. ಈಸ್ಟ್ ಮಾರಿದವನೂ ಅವನೇ! ದುಡ್ಡು ವಾಪಸ್ ಕೊಡಿ ಅಂದಾಗ, "ಬೇಕಾದ್ರೆ ಇನ್ನೊಂದು ಕ್ಯಾನ್ ಅರ್ಧ ರೇಟಿಗೆ ಕೊಡ್ತೀನಿ" ಅಂದ. ದೂರು ಕೊಡುತ್ತೇನೆ ಅಂದಾಗ ದನಿಯೇ ಬದಲಾಯಿತು. "ಕೊಡಿ ಮೇಡಂ. ಮನೇಲಿ ವೈನ್ ಮಾಡ್ತೀವಿ ಅಂತ ನೀವೇ ಹೋಗಿ ಹೇಳ್ಕೊಳ್ಳಿ. ಅಬಕಾರಿಯವರು ಬಂದರೆ ಯಾರಿಗೆ ತೊಂದರೆ?"

ಇವರ ಧೈರ್ಯ ಇರುವುದೇ ಇಲ್ಲಿ. ಮನೆಮಂದಿ ಹೆದರಿ ಸುಮ್ಮನಾಗುತ್ತಾರೆ ಅಂತ ಚೆನ್ನಾಗಿ ಗೊತ್ತು. ನಾನು ಸುಮ್ಮನಾಗಲಿಲ್ಲ. ನೀರು, ಸಕ್ಕರೆ, ಪ್ರಿಸರ್ವೇಟಿವ್ ಇರುವ ಲೇಬಲ್ ಮುಚ್ಚಿ 'ತಾಜಾ ರಸ' ಅಂತ ಮಾರಿದ್ದಕ್ಕೆ ನನ್ನ ದೂರು. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಷ್ಟನ್ನೇ ಹೇಳಿ ಬರೆಸಿದ್ದೇನೆ.

ನಿಮಗೆ ಹೇಳುವುದು ಇಷ್ಟೇ. ಹಣ್ಣೇ ಕೊಳ್ಳಿ. ಬೆಂಗಳೂರು ಬ್ಲೂ ನಮ್ಮ ಕಡೆ ವರ್ಷಕ್ಕೆ ಎರಡು ಬೆಳೆ ಬರುವ ಹಣ್ಣು, ಅದಕ್ಕೆ ಕ್ಯಾನ್‌ನವರ ಹಂಗು ಬೇಡ. ಒಂದನ್ನು ಹಿಚುಕಿ ನೋಡಿ: ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಬೀಜದ ಸಮೇತ ಜಾರಿ ಬರಬೇಕು. ತಿರುಳು ತಿಳಿ ಹಸಿರು, ಬಣ್ಣವೆಲ್ಲ ಸಿಪ್ಪೆಯಲ್ಲೇ. ಸಿಪ್ಪೆ ಇಲ್ಲ, ಗಸಿ ಇಲ್ಲ, ಆದರೂ ಕಡುಗಪ್ಪು ಬಣ್ಣ ಅಂದರೆ ಅಂಥ ರಸ ಮುಟ್ಟಬೇಡಿ. ಈಸ್ಟ್ ಮೇಲೆ ತಪ್ಪು ಹಾಕಿದರೆ ಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಿಟಿಕೆ ಹಾಕಿ ನೋಡಿ. ಹತ್ತು ಹದಿನೈದು ನಿಮಿಷದಲ್ಲಿ ನೊರೆ ಬಂದರೆ ಈಸ್ಟ್ ಸರಿ ಇದೆ, ಮಾರಿದವನು ಸುಳ್ಳು ಹೇಳುತ್ತಿದ್ದಾನೆ.

ನನ್ನ ದುಡ್ಡು ಇನ್ನೂ ಬಂದಿಲ್ಲ. ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಯಜಮಾನರ ಫೋನಿನಿಂದ ನೋಡಿದರೆ ಸ್ಟೇಟಸ್‌ನಲ್ಲಿ ಅದೇ ಹಸಿರು ಸ್ಟಿಕ್ಕರ್‌ನ ಕ್ಯಾನ್‌ಗಳ ಸಾಲು, "ಹಬ್ಬದ ಆಫರ್, ಬೇಗ ಬುಕ್ ಮಾಡಿ" ಅಂತ ಹಾಕಿಕೊಂಡಿದ್ದಾನೆ.