ಲೇಪಾಕ್ಷಿ ಬಸವಣ್ಣನ ಮೇಲೆ ಆಕಾಶಗಂಗೆ ತೋರಿಸ್ತೀವಿ ಅಂದ್ರೆ ದುಡ್ಡು ಕಟ್ಟಬೇಡಿ

ಮಡಕಶಿರಾ, ಹಿಂದೂಪುರ ಕಡೆಯ ಫೋಟೊ ಹುಚ್ಚಿನವರು ಸ್ವಲ್ಪ ಗಮನಿಸಿ. "ಬಯಲು ಶಿಲ್ಪ, ಮರುಭೂಮಿ ಆಕಾಶ" ಅನ್ನೋ ರಾತ್ರಿ ಕ್ಯಾಂಪಿನ ಪೋಸ್ಟರ್ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಮಾರ್ಚ್‌ನಲ್ಲಿ ನಾನೂ ನನ್ನ ಬಾಮೈದನೂ ಅದಕ್ಕೆ ಹೋಗಿದ್ದೆವು. ತಲೆಗೆ ಮೂರೂವರೆ ಸಾವಿರ, ಪೂರ್ತಿ ಮುಂಗಡ. (ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ನಿಜ. ಆದರೆ ಮರುಭೂಮಿ ಅಂದರೆ ಕಡಲೆಕಾಯಿ ಬೆಳೆಯೋರು ನಗ್ತಾರೆ.)

ತಾರೀಖನ್ನು ದುಡ್ಡು ಕಟ್ಟಿದ ಮೇಲೆ ಹೇಳಿದರು. ಅದು ಹುಣ್ಣಿಮೆಯ ಹಿಂದಿನ ರಾತ್ರಿ! ಮಾರ್ಚ್‌ನಲ್ಲಿ ಆಕಾಶಗಂಗೆಯ ಹೊಳೆಯುವ ನಡುಭಾಗ ಆಗ್ನೇಯದಲ್ಲಿ ಏಳೋದೇ ನಡುರಾತ್ರಿ ಕಳೆದ ಮೇಲೆ. ಚಂದ್ರ ಮುಳುಗೋದು ಬೆಳಗಾಗುವ ಹೊತ್ತಿಗೆ. ಆ ಬೆಳದಿಂಗಳಲ್ಲಿ ಇನ್ನು ಕಾಣೋದೇನು? ಫೋನ್ ಮಾಡಿ ಕೇಳಿದರೆ, "ಬೆಳದಿಂಗಳಿದ್ರೆ ಮೂರ್ತಿ ಫೋಟೊದಲ್ಲಿ ಚೆನ್ನಾಗಿ ಬೀಳುತ್ತೆ ಸಾರ್" ಅಂದರು. ಮೂರ್ತಿಯೇನೋ ಬೀಳುತ್ತೆ. ಪೋಸ್ಟರ್‌ನಲ್ಲಿ ಮಾರಿದ್ದು ನಕ್ಷತ್ರಗಳನ್ನಲ್ವಾ? ವಾಪಸ್ ಕೇಳಿದರೆ ಆಗಲ್ಲ ಅಂದರು, ಹೋದೆವು.

ಬಸವಣ್ಣ ಇರೋದು ಪುರಾತತ್ವ ಇಲಾಖೆಯ ಬೇಲಿಯೊಳಗೆ. ಒಂದೇ ಕಲ್ಲಲ್ಲಿ ಕಡೆದ, 15 ಅಡಿ ಎತ್ತರ, 27 ಅಡಿ ಉದ್ದದ ಮೂರ್ತಿ. ಇಂಥ ಜಾಗಗಳು ಸಾಮಾನ್ಯವಾಗಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮಾತ್ರ ತೆರೆದಿರುತ್ತವೆ. ಟ್ರೈಪಾಡ್ ಇಡೋಕೂ ಅನುಮತಿ ಬೇಕು. "ಪರ್ಮಿಷನ್ ಎಲ್ಲಾ ಆಗಿದೆ" ಅಂದಿದ್ದವರು ಗೇಟಿನ ಹತ್ತಿರ ಬಂದ ಕೂಡಲೇ ಹಿಂದೆ ಸರಿದು ನಿಂತರು. ಕಾವಲುಗಾರ ಟಾರ್ಚ್ ಬಿಟ್ಟು, "ಲೆಟರ್ ಇದ್ರೆ ತೋರ್ಸಿ ಸಾರ್" ಅಂದ. ಲೆಟರ್ ಇರಲಿಲ್ಲ. ಆಗ ಕ್ಯಾಂಪ್ ನಡೆಸುವ ಮೇಷ್ಟ್ರು ಮೆಲ್ಲಗೆ, "ಆ ಕಡೆ ಬೇಲಿ ತಗ್ಗಿದೆ, ಹಾರ್ತೀರಾ?" ಅಂತ ಕೇಳಿದರು. ಅರವತ್ತು ದಾಟಿದ ಹೆಂಗಸೊಬ್ಬರು ಗುಂಪಿನಲ್ಲಿದ್ದರು. ಅವರ ಮುಖ ನೋಡಬೇಕಿತ್ತು.

ಆಮೇಲೆ ಹಿಂದೂಪುರ ರಸ್ತೆಯ ಒಂದು ಸೈಟ್ ಲೇಔಟಿಗೆ ಕರೆದೊಯ್ದರು. ಕಮಾನಿನ ಪಕ್ಕ ಫೈಬರ್ ಕುದುರೆ ಎರಡು, ಒಂದರ ಕಿವಿ ಮುರಿದು ಒಳಗಿನ ತಂತಿ ಕಾಣುತ್ತಿತ್ತು. ಎದುರಿಗೆ ಫ್ಲಡ್‌ಲೈಟ್. ಇದೇ ನಮ್ಮ ಬಯಲು ಶಿಲ್ಪ!

ಪೋಸ್ಟರಿನ ವಿಷಯಕ್ಕೂ ಬರ್ತೀನಿ. ಅದರಲ್ಲಿ ಮರಳಿನಿಂದ ಎದ್ದ ಲೋಹದ ಡ್ರ್ಯಾಗನ್ ಇದೆಯಲ್ಲ, ಅದು ಕ್ಯಾಲಿಫೋರ್ನಿಯಾದ ಬೊರೆಗೊ ಸ್ಪ್ರಿಂಗ್ಸ್‌ನದು. ರಿಕಾರ್ಡೊ ಬ್ರೆಸೆಡಾ ಮಾಡಿದ್ದು, ಸುಮಾರು 350 ಅಡಿ ಉದ್ದ, ನಡುವೆ ರಸ್ತೆಯೇ ಹಾದುಹೋಗುತ್ತದೆ. ಆ ಊರು ರಾತ್ರಿಯ ಕತ್ತಲು ಉಳಿಸಿಕೊಳ್ಳೋಕೆ ದೀಪಗಳನ್ನೇ ಹತೋಟಿಯಲ್ಲಿಟ್ಟಿದೆ. ಟ್ರಾಫಿಕ್ ಸಿಗ್ನಲ್ ಕೂಡ ಇಲ್ಲ. ಅಲ್ಲಿನ ಫೋಟೊ ತೋರಿಸಿ ಇಲ್ಲಿ ಫ್ಲಡ್‌ಲೈಟ್ ಕೆಳಗೆ ನಿಲ್ಲಿಸಿದರು. ಇನ್ನೊಂದು ಚಿತ್ರದಲ್ಲಿ ವೃಶ್ಚಿಕ, ಮಹಾವ್ಯಾಧ (ಓರಿಯನ್) ಅನ್ನೋ ಎರಡು ನಕ್ಷತ್ರಪುಂಜಗಳೂ ಒಟ್ಟಿಗೆ ನೆತ್ತಿಯ ಹತ್ತಿರ ಇವೆ. ಒಂದು ಏರುವ ಹೊತ್ತಿಗೆ ಇನ್ನೊಂದು ಮುಳುಗುತ್ತಿರುತ್ತದೆ. ಎರಡು ಆಕಾಶ ಸೇರಿಸಿ ಅಂಟಿಸಿದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಬೆಳಗಿನ ಜಾವ ಗ್ರೂಪಿಗೆ ಒಂದು ಡ್ರೈವ್ ಲಿಂಕ್ ಬಂತು. ತೆರೆದರೆ ಯಾವಾಗಲೋ ಎಲ್ಲೋ ತೆಗೆದ ಆಕಾಶಗಂಗೆಯ ಫೈಲ್. "ನಿಮ್ಮ ಕುದುರೆ ಫೋಟೊಗೆ ಇದನ್ನ ಹಾಕ್ಕೊಳ್ಳಿ, ಎಲ್ಲರೂ ಹೀಗೇ ಮಾಡೋದು" ಅಂತ ಸಂದೇಶ ಬೇರೆ. ನಾನು ತೆಗೆಯದ ಆಕಾಶ ನನಗ್ಯಾಕೆ?

ದುಡ್ಡು ವಾಪಸ್ ಕೇಳಿದ್ದಕ್ಕೆ, "ಪ್ರಕೃತಿ ನಮ್ಮ ಕೈಲಿಲ್ಲ" ಅಂತ ಉತ್ತರ. ಮೋಡ ಬಂದಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹುಣ್ಣಿಮೆ ಯಾವತ್ತು ಅಂತ ಗೋಡೆಗೆ ತೂಗುಹಾಕಿದ ಕ್ಯಾಲೆಂಡರೇ ಹೇಳುತ್ತದೆ.

ನಿಮಗೂ ಆ ಪೋಸ್ಟರ್ ಬಂದರೆ ತಾರೀಖು ಮೊದಲು ಕೇಳಿ. ಅಮಾವಾಸ್ಯೆಯ ಆಸುಪಾಸು ಅಲ್ಲದಿದ್ದರೆ ಬಿಟ್ಟುಬಿಡಿ. ಅನುಮತಿ ಪತ್ರದ ಫೋಟೊ ಕಳಿಸಲು ಹೇಳಿ, ಬಾಯಿಮಾತು ನಂಬಬೇಡಿ. ಈಗಾಗಲೇ ಕಟ್ಟಿದ್ದರೆ ಯುಪಿಐ ರಸೀದಿ, ಪೋಸ್ಟರ್, ಚಾಟ್ ಎಲ್ಲ ತೆಗೆದಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾವಿಬ್ಬರೂ ದೂರು ಕೊಟ್ಟಿದ್ದೇವೆ. ಗುಂಪಿನಲ್ಲಿದ್ದ ಉಳಿದವರೂ ಕೊಟ್ಟರೆ ಒಳ್ಳೆಯದು.