ತೇವ ಹಿಡಿದ ನೆಲಕ್ಕೆ ಮಾಡಿಸಿದ ದುರಸ್ತಿ: ಒಂದು ಮಳೆಗಾಲ ಕಳೆದ ಮೇಲೆ

ದಾವಣಗೆರೆಯ ಹೊರವಲಯದಲ್ಲಿ, ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳ ಪಕ್ಕದಲ್ಲಿರುವ ನಮ್ಮ ಮನೆಯ ಕಾಂಕ್ರೀಟ್ ನೆಲ ನಾಲೆಗೆ ನೀರು ಬಿಟ್ಟಾಗಲೆಲ್ಲ ಒದ್ದೆಯಾಗುತ್ತಿತ್ತು. ಮೇಲೆ ಅಂಟಿಸಿದ್ದ ವಿನೈಲ್ ಹಾಸು ಅಂಚಿನಲ್ಲಿ ಎದ್ದು, ಅಡಿಯಲ್ಲಿ ಉಪ್ಪಿನಂಥ ಬಿಳಿ ಪುಡಿ ಕಟ್ಟಿತ್ತು. ಮೊದಲು ಬಂದ ಗುತ್ತಿಗೆದಾರರು ಯಾವ ಪರೀಕ್ಷೆಯನ್ನೂ ಮಾಡದೆ ಬಳಿದ ಲೇಪನ ಎರಡೇ ತಿಂಗಳಲ್ಲಿ ಗುಳ್ಳೆಯೆದ್ದಿತು.

ಎರಡನೆಯ ತಂಡದವರು ಸುಮಾರು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ಬಿಚ್ಚಿದರು. ಹಾಳೆಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಹನಿಗಳಿದ್ದವು, ನೆಲದಲ್ಲಿ ಕಪ್ಪು ಚೌಕ ಮೂಡಿತ್ತು. ನೆಲದ ಕಾಂಕ್ರೀಟ್ ಸ್ಲ್ಯಾಬಿನಡಿ ಪಾಲಿಥೀನ್ ಹಾಳೆ ಹಾಸದಿದ್ದರಿಂದ ಮಣ್ಣಿನ ತೇವ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತಿದೆ ಎಂಬ ಅವರ ವಿವರಣೆ ನನಗೆ ಒಪ್ಪಿಗೆಯಾಯಿತು. ಆದರೆ ಈ ಪರೀಕ್ಷೆ ತೇವವಿದೆಯೆಂದು ತಿಳಿಸುತ್ತದೆಯೇ ಹೊರತು ಎಷ್ಟೆಂದು ತಿಳಿಸುವುದಿಲ್ಲ. ಅದಕ್ಕೆ ಸ್ಲ್ಯಾಬಿನ ದಪ್ಪದ ಶೇ. 40ರಷ್ಟು ಆಳಕ್ಕೆ ರಂಧ್ರ ಕೊರೆದು ಒಳಗಿನ ಸಾಪೇಕ್ಷ ಆರ್ದ್ರತೆಯನ್ನು (ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಶೇಕಡಾ ಎಷ್ಟು ಇದೆಯೆಂಬುದನ್ನು) ಅಳೆಯಬೇಕು. ಆ ಉಪಕರಣ ಅವರಲ್ಲಿರಲಿಲ್ಲ, ಇದು ನಿಜವಾದ ಕೊರತೆ.

ಗೋಡೆಯ ಬುಡಕ್ಕೇ ಬೀಳುತ್ತಿದ್ದ ಮಾಳಿಗೆಯ ನೀರನ್ನು ಮೊದಲು ಪೈಪ್ ಹಾಕಿ ದೂರಕ್ಕೆ ತಿರುಗಿಸಿ, ಆಮೇಲೆ ಹಳೆಯ ಲೇಪನವನ್ನು ಯಂತ್ರದಿಂದ ಉಜ್ಜಿ ತೆಗೆದು, ತೇವ ತಡೆಯುವ ಎಪಾಕ್ಸಿಯನ್ನು (ಒಣಗಿ ಗಟ್ಟಿಯಾಗುವ ರಾಳದ ಲೇಪನ) ಎರಡು ಸುತ್ತು ಬಳಿದರು. ಉಜ್ಜಿದ ಧೂಳು ದೇವರ ಕೋಣೆಯವರೆಗೂ ಹೋಯಿತು (ಪಾತ್ರೆಗಳನ್ನು ಮೊದಲೇ ಮುಚ್ಚಿಡಿ). ಮಳೆಗಾಲ ಮುಗಿದಿದೆ, ಬಾಗಿಲ ಬಳಿಯ ಒಂದು ಗೇಣಿನಷ್ಟು ಜಾಗ ಬಿಟ್ಟರೆ ನೆಲ ಒಣಗಿದೆ.